ಯಾವ ಪತ್ರ ಖರೆ

ಫೇಸ್‌ಬುಕ್ಕು, ವಾಟ್ಸಾಪು ಇನ್ನೂ ಬಂದಿರದ ಕಾಲ. ಹೈದರಾಬಾದಿನ ಕನ್ನಡಿಗರು ಒಂದು ಇಮೇಲ್ ಗುಂಪು ಕಟ್ಟಿಕೊಂಡಿದ್ದರು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಯಾರ ಮುಖವೂ ಕಾಣದು, ದನಿಯೂ ಕೇಳದು. ಆ ಗುಂಪಿನಲ್ಲಿ ಎಲ್ಲರೂ ಕಾದು ಓದುತ್ತಿದ್ದದ್ದು ಮೈಸೂರಿನ ರವಿಶಂಕರನ ಪತ್ರಗಳನ್ನು. ಹೈದರಾಬಾದಿನ ಮಾದಾಪುರದ ಒಂದು ಕಂಪನಿಯಲ್ಲಿ ಅವನಿಗೆ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ ಅವನಿಗೆ ಸಂಬಳ ಏರಿದರೂ ಒಂದೇ, ಹಬ್ಬ ಬಂದರೂ ಒಂದೇ ಎನ್ನುವಂತಾಗಿತ್ತು. ಗುಂಪಿಗೆ ಕುಚೋದ್ಯದ ಪತ್ರ ಬರೆಯುವಾಗ ಮಾತ್ರ ಒಳಗೆಲ್ಲೋ ಸ್ವಲ್ಪ ಮಿಸುಕಾಡಿದಂತಾಗುತ್ತಿತ್ತು.

ಆ ವರ್ಷದ ರಾಜ್ಯೋತ್ಸವ ಸನತ್‌ನಗರದ ಸಭಾಂಗಣದಲ್ಲಿ ನಡೆಯಿತು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದ ಲಿಂಗಸುಗೂರು ಕಡೆಯ ಕಲ್ಯಾಣಪ್ಪನವರ ಮಗಳು ಕಾವ್ಯಾ ವಚನ ಹಾಡಿದಳು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು, ಅದೇ ಹೊತ್ತಿಗೆ ಮೈಕು ಕಿರ್ರೆಂದಿತು. ಮರುದಿನ ರವಿಶಂಕರ ಗುಂಪಿಗೆ ಬರೆದ: ‘ಕಾವ್ಯಾ ಅವರ ಹಾಡು ಕೇಳಿ ಧನ್ಯನಾದೆ. ಆ ಮೇಲಿನ ಸ್ವರಕ್ಕೆ ಮಾಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಇಂಥ ಕಂಠಕ್ಕೆ ಸನತ್‌ನಗರದ ಸಭಾಂಗಣ ಎಲ್ಲಿ ಸಾಕು? ಮುಂದಿನ ಸಲ ಒಂದು ಮೈದಾನವನ್ನೇ ಹಿಡಿಯಿರಿ.’ ಸಂಜೆಯೊಳಗೆ ಗುಂಪಿನ ತುಂಬ ಹಹಹ.

ವಾರ ಕಳೆದ ಮೇಲೆ ಕಲ್ಯಾಣಪ್ಪನವರ ಫೋನು. ಭಾನುವಾರ ಊಟಕ್ಕೆ ಬರಲೇಬೇಕಂತೆ. ಬೈಯುವುದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡು ರವಿಶಂಕರ ಹೋದ. ಬಾಗಿಲಲ್ಲೇ ಅವರು ಅವನ ಎರಡೂ ಕೈ ಹಿಡಿದುಕೊಂಡರು. ಇಂಟರ್‌ನೆಟ್ ಸೆಂಟರಿನಲ್ಲಿ ಅವನ ಪತ್ರದ ಪ್ರಿಂಟ್ ತೆಗೆಸಿ ತಂದು, ಬಂದ ನೆಂಟರಿಗೆಲ್ಲ ಓದಿ ಹೇಳುತ್ತಿದ್ದರಂತೆ. ಕೆಳಗಿನ ಹಹಹಗಳನ್ನು ಅವರು ಸಂತೋಷದ ನಗು ಎಂದುಕೊಂಡಿದ್ದರು. ಅವರ ಹೆಂಡತಿ ಶಿವದೇವಿ ಬಿಸಿ ಹೋಳಿಗೆಗೆ ತುಪ್ಪ ಸುರಿಯುತ್ತ, ಪಾರಿವಾಳ ಹಾರಿದ್ದನ್ನು ತಾವು ಗಮನಿಸಲೇ ಇಲ್ಲವಲ್ಲ ಎಂದು ಪೇಚಾಡಿಕೊಂಡರು. ರವಿಶಂಕರ ತಲೆ ತಗ್ಗಿಸಿ ತಿಂದ. ಹೋಳಿಗೆ ಸಿಹಿಯಾಗಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಕಲ್ಯಾಣಪ್ಪನವರು ಎಲೆ ಅಡಿಕೆ ತರಲು ಹೊರಗೆ ಹೋದಾಗ ಕಾವ್ಯಾ ನೀರಿನ ತಂಬಿಗೆ ತಂದಿಟ್ಟಳು.

“ನೀವು ಚಾಷ್ಟಿಗೆ ಬರದದ್ದು ಅಂತ ನನಗ ಗೊತ್ತೈತ್ರಿ,” ಎಂದಳು ಮೆಲ್ಲಗೆ. “ಅಪ್ಪಾಗ ಗೊತ್ತಿಲ್ಲ. ಉಗಾದಿಗೆ ದೊಡ್ಡ ಹಾಲ್ ಹಿಡಿಯಾಕತ್ತಾರ. ನಾ ಹಾಡಂಗಿಲ್ಲ ಅಂದ್ರ ಯಾಕ ಅಂತ ಕೇಳ್ತಾರ. ಏನ್ ಹೇಳ್ಲಿ?”

“ನಾನು ಮೈಕ್ ಬಗ್ಗೆ ತಮಾಷೆ ಮಾಡಿದ್ದು ಕಣ್ರೀ.”

“ಅದ್ರಾಗ ಮೈಕಿನ ಹೆಸರಿರಲಿಲ್ರಿ. ನನ್ನ ಹೆಸರಿತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ತಂಬಿಗೆ ಎತ್ತಿ ನೀರು ಕುಡಿದ.

ಸೋಮವಾರ ಆಫೀಸಿನಲ್ಲಿ ಕೂತು ಅವನು ಗುಂಪಿಗೆ ಇನ್ನೊಂದು ಪತ್ರ ಬರೆದ. ಹಿಂದಿನ ಪತ್ರ ಬರಿಯ ಅಣಕ, ಹಾಡುವ ಹುಡುಗಿಯನ್ನು ನಗೆಪಾಟಲು ಮಾಡಿದ್ದು ತನ್ನ ತಪ್ಪು, ಕಾವ್ಯಾ ಮತ್ತು ಅವಳ ತಂದೆತಾಯಿ ಕ್ಷಮಿಸಬೇಕು ಎಂದು ಬರೆದ. ಒಂದು ಮಾತನ್ನೂ ಅಲಂಕಾರಕ್ಕೆ ಸೇರಿಸಲಿಲ್ಲ. ಅರ್ಧ ಗಂಟೆಯಲ್ಲಿ ಉತ್ತರಗಳು ಬರತೊಡಗಿದವು. ‘ಕ್ಷಮಾಪಣೆ ಸೂಪರ್, ಮೊದಲನೆಯದಕ್ಕಿಂತ ಚೆನ್ನಾಗಿದೆ’ ಎಂದು ಒಬ್ಬ ಬರೆದ. ‘ಪಾರಿವಾಳಗಳ ಕ್ಷಮೆ ಕೇಳುವುದು ಯಾವಾಗ?’ ಎಂದು ಇನ್ನೊಬ್ಬ. ‘ನಾನು ನಿಜ ಹೇಳುತ್ತಿದ್ದೇನೆ’ ಎಂದು ರವಿಶಂಕರ ಮತ್ತೆ ಬರೆದ. ಅದಕ್ಕೆ ಬಂದ ನಗು ಇನ್ನೂ ದೊಡ್ಡದು.

ಎರಡು ದಿನ ಬಿಟ್ಟು ಕಲ್ಯಾಣಪ್ಪನವರ ಫೋನು ಬಂತು. ಹಿಂದೆ ಕಾರ್ಖಾನೆಯ ಯಂತ್ರಗಳ ಸದ್ದು.

“ರವಿಶಂಕರ ಅವ್ರ, ಎರಡೂ ಪತ್ರ ಓದೀನ್ರಿ. ಮೊದಲಿಂದು ಖರೇನೋ, ಇದು ಖರೇನೋ? ನನಗ ತಿಳೀವಲ್ದು.”

“ಇದು ಸರ್. ಇದೇ ನಿಜ.”



“ಆತು ಬಿಡ್ರಿ,” ಎಂದರು ಅವರು. “ಊಟ ಆತೇನ್ರಿ ನಿಮ್ದು?”

ಆಗಿದೆ ಎಂದ. ಆಗಿರಲಿಲ್ಲ. ಅವರು ಫೋನಿಟ್ಟರು.

ದೊಡ್ಡ ಹಾಲ್ ರದ್ದಾಯಿತು. ಯುಗಾದಿ ಕಾರ್ಯಕ್ರಮಕ್ಕೆ ಆ ಮನೆಯಿಂದ ಯಾರೂ ಬರಲಿಲ್ಲ. ಕಾವ್ಯಾ ದಿಲ್‌ಸುಖ್‌ನಗರದಲ್ಲಿ ಯಾರಲ್ಲೋ ಸಂಗೀತ ಕಲಿಯಲು ಸೇರಿದ್ದಾಳೆ ಎಂದು ಯಾರೋ ಹೇಳಿದರು. ಕೇಳಿ ಸಮಾಧಾನವಾಗಬೇಕಿತ್ತು, ರವಿಶಂಕರನಿಗೆ ಆಗಲಿಲ್ಲ.

ಅವನು ಗುಂಪಿಗೆ ಬರೆಯುವುದನ್ನೇ ನಿಲ್ಲಿಸಿಬಿಟ್ಟ. ಒಂದು ತಿಂಗಳಾದ ಮೇಲೆ ಯಾರೋ ಬರೆದರು: ‘ರವಿಶಂಕರ್ ಮೌನವ್ರತ ಹಿಡಿದಿದ್ದಾರೆ. ಇದು ಅವರ ಹೊಸ ಜೋಕು.’ ಕೆಳಗೆ ಸಾಲಾಗಿ ಹಹಹ. ಅವನು ಕೊನೆಯವರೆಗೂ ಓದಿ, ಆ ಕಿಟಕಿ ಮುಚ್ಚಿ, ಬೆಳಿಗ್ಗೆ ಬಂದಿದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕತೊಡಗಿದ.