ಸಾಹುಕಾರನ ಬೆರಳುಗಳು

"ನೀನು ಮನೇಲಿಲ್ಲದಾಗ ನಾನೇ ನೋಡ್ಕೋತೀನಿ. ಒಂದು ಬೆರಳೂ ಹೋಗಲ್ಲ, ಆಯ್ತಾ?" ಎಂದು ಮಗಳಿಗೆ ಮಾತು ಕೊಟ್ಟಾಗ ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಸರಿಯಾಗಿ ನೋಡಿಕೊಳ್ಳದಿದ್ದರೆ ಲೆಪರ್ಡ್ ಗೆಕೋ ಎಂಬ ಈ ಸಾಕುಹಲ್ಲಿಗಳ ಬೆರಳು ಉದುರುತ್ತವೆ ಎಂದು, ಅದನ್ನು ಮಾರಿದ ಅಂಗಡಿಯವನು ಅವಳನ್ನು ಹೆದರಿಸಿದ್ದ. ಮೈತುಂಬ ಚುಕ್ಕಿಯಿದ್ದರೂ ಹಲ್ಲಿ ತಾನೇ, ಎಷ್ಟು ದಿನ ಬಾಳೀತು ಅಂದುಕೊಂಡಿದ್ದೆ. ಈಗ ಮಗಳು ಹಾಸ್ಟೆಲ್ಲಿನಲ್ಲಿದ್ದಾಳೆ. ಹಲ್ಲಿ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ, ಬೆಚ್ಚಗಿನ ಕಲ್ಲಿನ ಮೇಲೆ ಹೊಟ್ಟೆ ಚಾಚಿಕೊಂಡು ಮಲಗಿದೆ. ಅತ್ತೆ ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದಾರೆ.

ಲಾಂಡ್ರಿಯಲ್ಲಿ ಎರಡೆರಡು ಪಾಳಿ ಇಸ್ತ್ರಿ ಮಾಡುವ ಗಡಿಬಿಡಿಯಲ್ಲಿ, ಸಾಹುಕಾರ ಪೊರೆ ಬಿಡಲು ಒಳಗೆ ಕೂರುವ ಡಬ್ಬಿಗೆ ನೀರು ಚಿಮುಕಿಸುವುದು ಮರೆತುಹೋಯಿತು. ಮೈಮೇಲಿನ ಪೊರೆ ಕಳಚಿತು. ಬೆರಳಿನ ಮೇಲಿನದು ಒಣಗಿ, ದಾರ ಸುತ್ತಿದ ಹಾಗೆ ಬಿಗಿಯಿತು.

ಮಗಳಿಗೆ ಫೋನ್ ಮಾಡಿದೆ.

"ಹಾಗೇ ಬಿಟ್ರೆ ರಕ್ತ ಓಡದೆ ಬೆರಳು ಸಾಯುತ್ತೆ ಅಮ್ಮ. ಉಗುರುಬೆಚ್ಚಗಿನ ನೀರಲ್ಲಿ ನೆನೆಸು. ಎಳೀಬೇಡ, ಹತ್ತಿಯಿಂದ ಮೆಲ್ಲಗೆ ಉಜ್ಜು. ನಾನು ಬರ್ಲಾ?"

"ಪರೀಕ್ಷೆ ಬಿಟ್ಟು ಹಲ್ಲಿ ಕಾಲು ತೊಳೆಯೋಕೆ ಬರ್ತೀಯಾ? ತೆಪ್ಪಗೆ ಓದ್ಕೋ."

ಬೋಗುಣಿಯಲ್ಲಿ ನೀರು ಬೆರೆಸಿ ಕೈಯದ್ದಿ ನೋಡಿದೆ. ಹದವಾಗಿತ್ತು. ಸಾಹುಕಾರನನ್ನು ಇನ್ನೇನು ಇಳಿಸಬೇಕು, ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ತಡಿಯೇ! ಇಸ್ತ್ರಿಪೆಟ್ಟಿಗೆ ಹಿಡಿದು ಜಡ್ಡುಗಟ್ಟಿದ ಕೈ ನಿಂದು. ಅದಕ್ಕೆ ಕೆಂಡಾನೂ ತಣ್ಣಗೇ." ತಮ್ಮ ಮೊಣಕೈ ಅದ್ದಿ ಥಟ್ಟನೆ ಎಳೆದುಕೊಂಡರು. "ಸಾಹುಕಾರನ್ನ ಬೇಯಿಸಿ ಬಡಿಸ್ತೀಯೇನೇ?"

ಬೋಗುಣಿಗೆ ತಣ್ಣೀರು ಸುರಿದೆ. ಅಲ್ಲಿಂದಾಚೆ ನೀರಿನ ಹದ ಅವರ ಮೊಣಕೈಯದು, ಬೆರಳಿನ ಕೆಲಸ ನನ್ನದು.

ಸಾಹುಕಾರ ಹೆದರಿ ನನ್ನ ಅಂಗೈಯಲ್ಲೇ ಹೇತ.

"ತಗೋ, ಸಂಬಳ ಬಂತು," ಎಂದರು ಅತ್ತೆ.

ಕೈ ತೊಳೆದು ಮತ್ತೆ ಕೂತೆ. ಜಡ್ಡು ಕೈಗೆ ಆ ಪೊರೆ ತಾಕುತ್ತಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಕಣ್ಣಿನಿಂದಲೇ ಹುಡುಕಿ, ಒಂದೊಂದೇ ಬೆರಳು ಬಿಡಿಸಿದೆ. ಮುಂಗಾಲಿನ ಕಿರುಬೆರಳು ಆಗಲೇ ಕಪ್ಪಾಗಿತ್ತು.

"ಅದು ಹೋಯ್ತು ಕಣೇ. ಬಿಟ್ಬಿಡು."

"ಬಿಡಲ್ಲ ಅತ್ತೆ. ನೀರು ಆರಿತು, ಬೇರೆ ತನ್ನಿ."

ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದು ಚಪ್ಪಲಿ ಬಿಟ್ಟ ಕೂಡಲೇ ಒಮ್ಮೆ, ವಾರವಿಡೀ ನೆನೆಸಿದೆ. ಉಳಿದ ಬೆರಳುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಭಾನುವಾರ ಬೆಳಗ್ಗೆ ಪೆಟ್ಟಿಗೆ ಒರೆಸುವಾಗ ಆ ಕಪ್ಪು ಬೆರಳು ಬಟ್ಟೆಗೆ ಅಂಟಿಕೊಂಡು ಬಂತು.

ಮಗಳಿಗೆ ಆಗಲೇ ಫೋನ್ ಮಾಡಿ ಹೇಳಿದೆ. ಕೊಟ್ಟ ಮಾತು ಉಳಿಯಲಿಲ್ಲ.