ನಾಲ್ಕನೆಯ ಟೈಲು

ನೆಲದ ವಿಷಯದಲ್ಲಿ ನನ್ನೆದುರು ಯಾರೂ ಬಾಯಿ ಬಿಡಬಾರದು ಎಂದು ತಿಳಿದು ಎಪ್ಪತ್ತಮೂರು ವರ್ಷ ಬಾಳಿದವನು ನಾನು. ಗದಗಿನಲ್ಲಿ ಬಾಳಪ್ಪನ ಮೊಸಾಯಿಕ್ ಟೈಲು ಎಂದರೆ ಮದುವೆ ಗೊತ್ತಾದ ಮನೆಯವರು ಮೂರು ತಿಂಗಳು ಮೊದಲೇ ಬಂದು ಹೇಳಿ ಹೋಗುತ್ತಿದ್ದರು. ಪಾಲಿಶ್ ಆದ ಮೇಲೆ ನನ್ನ ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಎಂದು ಹೆಂಗಸರು ಹೇಳುತ್ತಿದ್ದರು. ಆ ಮಾತನ್ನು ಅವರು ಎಷ್ಟು ಸಲ ಹೇಳಿದರೋ ಗೊತ್ತಿಲ್ಲ, ನಾನಂತೂ ಸಾವಿರ ಸಲ ಹೇಳಿದ್ದೇನೆ.

ಅದೇ ನೆಲದ ಮೇಲೆ, 2013ರ ಶ್ರಾವಣದಲ್ಲಿ, ಪೂಜೆಗೆ ನೀರಿನ ತಂಬಿಗೆ ಹಿಡಿದು ಬರುತ್ತಿದ್ದ ನನ್ನ ಹೆಂಡತಿ ಕಮಲವ್ವ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಪರೇಶನ್ ಆಯಿತು, ಒಳಗೆ ರಾಡು ಕೂತಿತು, ಆರು ತಿಂಗಳಿಗೆ ಎಲುಬೂ ಕೂಡಿತು. ಅಂಜಿಕೆ ಮಾತ್ರ ಹೋಗಲಿಲ್ಲ. ಅಂದಿನಿಂದ ನನ್ನ ಕೈ ಹಿಡಿಯದೆ ಅವಳು ಒಂದು ಹೆಜ್ಜೆ ಎತ್ತಿಡಲಿಲ್ಲ. ಬಚ್ಚಲಿಗೆ ಹೋಗಲಿಕ್ಕೂ ನನ್ನ ಕೈ ಬೇಕು, ದೇವರಿಗೆ ದೀಪ ಹಚ್ಚಲಿಕ್ಕೂ ಬೇಕು. "ನಿಮ್ಮ ನೆಲಾನ ನನ್ನ ಕೆಡವಿದ್ದು" ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿದ್ದ ಮಗಳು ನಿವೇದಿತಾ ನಮ್ಮಿಬ್ಬರನ್ನೂ ಕರೆಸಿಕೊಂಡಳು. ಮಗಳ ಮನೆಯಲ್ಲಿ ಎಷ್ಟು ದಿನ ಅಂತ ಉಣ್ಣುವುದು ಎಂದು ನಾನು ಗೊಣಗಿದೆ. ಅಳಿಯ ಸುನೀಲ್ ಒಳ್ಳೆಯ ಹುಡುಗ, ಕೇಳಿಸದವನ ಹಾಗೆ ಇದ್ದುಬಿಟ್ಟ.

ನಿವೇದಿತಾ ಡಲ್ಲಾಸ್‌ನ ಒಂದು ಯೂನಿವರ್ಸಿಟಿಯ ಲ್ಯಾಬಿನಲ್ಲಿ ಇಂಜಿನಿಯರು. ಅವಳು ಅಲ್ಲಿ ಮಾಡುತ್ತಿದ್ದುದೂ ನೆಲವನ್ನೇ. ಶಾಲೆಗಳು ಬೇಡವೆಂದು ಬಿಸಾಡಿದ ಪಠ್ಯಪುಸ್ತಕಗಳನ್ನು ಲಾರಿಗಟ್ಟಲೆ ತಂದು, ನೆನೆಸಿ, ರುಬ್ಬಿ, ಹರಳೆಣ್ಣೆಯಿಂದ ತಯಾರಿಸಿದ ಅಂಟು ಕಲಸಿ, ಅಚ್ಚಿನಲ್ಲಿ ಒತ್ತಿ ಟೈಲು ಮಾಡುತ್ತಿದ್ದಳು. ನಡೆದರೆ ಗಟ್ಟಿ, ಬಿದ್ದರೆ ಮೆತ್ತಗೆ. ವಯಸ್ಸಾದವರು ಬಿದ್ದರೂ ಎಲುಬು ಮುರಿಯಬಾರದು ಎಂಬುದು ಅವಳ ಹಟ. ಯಾರನ್ನು ನೋಡಿ ಆ ಹಟ ಹುಟ್ಟಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊದಲ ಸಲ ಟೈಲು ಮನೆಗೆ ತಂದಾಗ ಜೊತೆಗೆ ಒಂದು ಕೋಳಿಯ ತತ್ತಿಯನ್ನೂ ತಂದಿದ್ದಳು. ನಮ್ಮ ಅಡುಗೆಮನೆಗೆ ತತ್ತಿ ಬಂದದ್ದು ಅದೇ ಮೊದಲು. ಎದೆಮಟ್ಟದಿಂದ ಕೈಬಿಟ್ಟಳು. ತತ್ತಿ ಪುಟಿದು ಉರುಳಿತು, ಒಡೆಯಲಿಲ್ಲ. ಕಮಲವ್ವ "ಶಿವ ಶಿವಾ" ಎಂದು ಕಣ್ಣು ಮುಚ್ಚಿದ್ದಳು.

"ಕಾಗದದ ನೆಲ ಮಳಿಗಾಲಕ್ಕ ಕೊಳೀತೈತಿ" ಎಂದೆ ನಾನು.

"ಎರಡು ವರ್ಷ ನೀರಾಗ ಇಟ್ಟು ನೋಡೇನಿ, ಅಪ್ಪಾ."

"ಹೊಳಪಿಲ್ಲ."

"ಹೊಳಪು ಬ್ಯಾಡಾಗೇತಿ" ಎಂದಳು.

2018ರ ವಸಂತದ ಹೊತ್ತಿಗೆ ಟೈಲು ತಯಾರಾಗಿತ್ತು. ಹ್ಯೂಸ್ಟನ್‌ನ ಒಂದು ವೃದ್ಧರ ವಸತಿಯವರು ತಮ್ಮ ನಲವತ್ತು ಕೋಣೆಗಳಿಗೂ ದೊಡ್ಡ ಹಾಲಿಗೂ ಈ ನೆಲ ಹಾಕಿಸಲು ಒಪ್ಪಿದ್ದರು. ಆದರೆ ಅದಕ್ಕೆ ಆಸ್ಟಿನ್‌ನಲ್ಲಿ ಕೂರುವ ಒಂದು ಸರಕಾರಿ ಸಮಿತಿ ಹೂಂ ಎನ್ನಬೇಕು, ಸಮಿತಿ ಹೂಂ ಎನ್ನಬೇಕಾದರೆ ವಯಸ್ಸಾದವರು ಆ ನೆಲದ ಮೇಲೆ ಎಡವದೆ ನಡೆಯುತ್ತಾರೆಂದು ತೋರಿಸಬೇಕು. ಇಪ್ಪತ್ನಾಲ್ಕು ಜನ ನಡೆಯುವುದು ಎಂದಾಯಿತು. ಪಕ್ಕದ ಊರು ಲೂಯಿಸ್‌ವಿಲ್‌ನ ಹನ್ನೆರಡು ಅಮೆರಿಕನ್ ಹಿರಿಯರು, ನಮ್ಮವರು ಹನ್ನೆರಡು. ನಮ್ಮವರನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಪೆಲ್‌ನಲ್ಲಿ ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂರುವ ಮಂದಿಯೆಲ್ಲ ನನಗೆ ಗೊತ್ತು. ಮೈಸೂರಿನ ರಿಟೈರ್ಡ್ ಮೇಷ್ಟ್ರು ಶ್ರೀಕಂಠಯ್ಯ, ಬ್ಯಾಂಕಿನಲ್ಲಿದ್ದ ರಾಜಗೋಪಾಲ, ಬೆಂಗಳೂರಿನ ಉಷಾರಾಣಿ, ಹೀಗೆ ಹನ್ನೊಂದು ಜನ, ಹನ್ನೆರಡನೆಯವನು ನಾನು. ಹಿಂದಿನ ದಿನ ಎಲ್ಲರಿಗೂ ಒಂದು ಭಾಷಣ ಮಾಡಿದೆ. "ನೋಡ್ರಿ, ನಮ್ಮ ಹುಡುಗಿ ಕೆಲಸ ಐತಿ. ಏನರ ಕೇಳಿದ್ರ ಎಲ್ಲಾ ಛಲೋ ಐತಿ ಅನ್ರಿ. ಕೊಂಕು ತೆಗಿಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದರು. ಮಗಳ ಮಾನ ಕಾಯುವುದು ತಂದೆಯ ಧರ್ಮ ಎಂದು ನನಗೆ ನಾನೇ ಶಾಭಾಸ್ ಹೇಳಿಕೊಂಡೆ.

ಲ್ಯಾಬಿನ ಬಾಗಿಲಲ್ಲಿ ಯಾರೂ ಹೇಳದೆಯೇ ಹನ್ನೆರಡು ಜೊತೆ ಚಪ್ಪಲಿ ಬೂಟು ಸಾಲಾಗಿ ನಿಂತವು. ಒಳಗೆ ಹೆಜ್ಜೆಗೊಂದರಂತೆ ಇಪ್ಪತ್ತು ಟೈಲಿನ ಉದ್ದನೆಯ ಹಾದಿ, ಕೆಳಗೆ ಹೆಜ್ಜೆಯ ಭಾರ ಅಳೆಯುವ ತಂತಿಗಳು, ಮೇಲೆ ಕ್ಯಾಮೆರಾ. ಪ್ರತಿ ನಾಲ್ಕನೆಯ ಟೈಲಿನ ಮುಖದ ಮೇಲೆ ಹಳೆಯ ಪುಸ್ತಕದ ಒಂದು ಹಾಳೆಯನ್ನು ರುಬ್ಬದೆ ಹಾಗೆಯೇ ಕೂರಿಸಿದ್ದರು. ಈ ನೆಲ ಪುಸ್ತಕದಿಂದ ಆದದ್ದೆಂದು ನೋಡಿದವರಿಗೆ ತಿಳಿಯಲಿ ಎಂದು ಲ್ಯಾಬಿನ ಮುಖ್ಯಸ್ಥರಿಗೆ ಹೊಳೆದ ಉಪಾಯವಂತೆ. ನಿವೇದಿತಾ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದಿದ್ದಳು. ನಾವು ಒಬ್ಬೊಬ್ಬರಾಗಿ ನಡೆದೆವು. ಹೊರಗೆ ಬಂದು ಫಾರ್ಮಿನಲ್ಲಿ ತೊಂದರೆ ಏನೂ ಇಲ್ಲ, ತುಂಬಾ ಚೆನ್ನಾಗಿದೆ ಎಂದು ಬರೆದು, ಅವರು ಕೊಟ್ಟ ಕಿತ್ತಳೆ ರಸ ಕುಡಿದು ಮನೆಗೆ ಬಂದೆವು.

ಹತ್ತು ದಿನದ ಮೇಲೆ ಒಂದು ಸಂಜೆ ನಿವೇದಿತಾ ತಾಟಿನಲ್ಲಿಯ ರೊಟ್ಟಿ ಮುರಿಯದೆ ಕೂತಿದ್ದಳು.

"ನಮ್ಮವರು ಹನ್ನೆರಡೂ ಮಂದಿ ತೋಲ ತಪ್ಯಾರ, ಅಪ್ಪಾ" ಎಂದಳು. "ಮೂರು ಹೆಜ್ಜಿ ಛಲೋ ನಡೀತಾರ, ನಾಕನೇದಕ್ಕ ಎಡವಿದಂಗ ಮಾಡ್ತಾರ. ಲೂಯಿಸ್‌ವಿಲ್‌ದವರಿಗೆ ಏನೂ ಆಗಿಲ್ಲ. ನಮ್ಮವರು ಬರಿಗಾಲಲೆ ನಡದದ್ದಕ್ಕೇನೋ ಅಂತ ಅವರನ್ನೂ ಬೂಟು ಬಿಚ್ಚಿಸಿ ನಡಸಿದೆ. ಅವರದು ಸರಿ ಬಂತು. ಹಾಳಿ ಇದ್ದ ಟೈಲು ಜಾರತಾವೇನೋ ಅಂತ ಅವನ್ನೂ ಪರೀಕ್ಷಾ ಮಾಡಿದೆ. ಅವೂ ಸರಿ ಅದಾವ. ಅರ್ಧ ಮಂದಿ ಎಡವೋ ನೆಲಾ ಮುದುಕರಿಗೆ ಹ್ಯಾಂಗ ಹಾಕೋದು? ಆಸ್ಟಿನ್‌ಗೆ ಹೋಗೋದು ಬ್ಯಾಡ, ಅರ್ಜಿ ವಾಪಸ್ ತಗೊಳ್ಳೋಣು ಅಂತ ನಮ್ಮ ಮುಖ್ಯಸ್ಥರು ಹೇಳಿಬಿಟ್ರು. ಐದು ವರ್ಷದ್ದು ಮುಗೀತು."

ಅವಳು ಲ್ಯಾಪ್‌ಟಾಪ್ ತೆರೆದು ವಿಡಿಯೋ ತೋರಿಸಿದಳು. ಉಷಾರಾಣಿ ನಡೆದು ಬರುತ್ತಿದ್ದಾರೆ. ನಾಲ್ಕನೆಯ ಟೈಲು ಬಂತು, ಕಾಲು ಉದ್ದ ಮಾಡಿ ದಾಟಿದರು. ಎಂಟನೆಯದನ್ನು ದಾಟುವಾಗ ಹೆಬ್ಬೆರಳು ತಾಗಿತು. ಕೂಡಲೇ ಬಾಗಿ ಟೈಲು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಪಕ್ಕದಲ್ಲಿ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬರೆದಿತ್ತು: ಆಯ ತಪ್ಪಿ ಮುಂದಕ್ಕೆ ಬಾಗಿದರು.

ಸೋಫಾದ ಮೇಲೆ ಕೂತಿದ್ದ ಕಮಲವ್ವ ಕತ್ತು ಚಾಚಿ ನೋಡಿದಳು.

"ಅಯ್ಯ, ಅಕಿ ಎಲ್ಲಿ ಬೀಳಾಕತ್ತಾಳ? ನಮಸ್ಕಾರ ಮಾಡಾಕತ್ತಾಳ. ಪುಸ್ತಕಕ್ಕ ಕಾಲು ತಾಗೇತಿ."

ನನಗೆ ನಗು ಬಂತು. ಅರ್ಧಕ್ಕೇ ನಿಂತಿತು. ಮುಂದಿನ ವಿಡಿಯೋದಲ್ಲಿ ನಾನೇ ಇದ್ದೆ. ನಾಲ್ಕನೆಯ ಟೈಲಿನ ಮೇಲೆ ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆ. ನನ್ನ ಕಾಲು ಅದನ್ನು ತುಳಿಯಲು ಒಪ್ಪಿರಲಿಲ್ಲ. ಎಂಥ ಹುಡುಗಿ ಇವಳು, ಸರಸ್ವತಿಯನ್ನು ನೆಲಕ್ಕೆ ಹಾಕಿದ್ದಾಳಲ್ಲ ಎಂದು ಮನಸ್ಸಿನಲ್ಲಿ ಬೈದುಕೊಂಡದ್ದೂ ನೆನಪಾಯಿತು. ಹೊರಗೆ ಬಂದು ತುಂಬಾ ಚೆನ್ನಾಗಿದೆ ಎಂದು ಬರೆದದ್ದೂ ನೆನಪಾಯಿತು.

ನಿವೇದಿತಾ ಹನ್ನೆರಡು ವಿಡಿಯೋಗಳನ್ನೂ ಮತ್ತೆ ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು. "ನಾನೂ ಕಾಗದ ತುಳದಾಕಿ ಅಲ್ಲ. ಆದ್ರ ಐದು ವರ್ಷ ಅದನ್ನ ನೆನಸಿ, ರುಬ್ಬಿ, ಬೇಯಿಸೇನಿ. ನನಗ ಅದು ಹಿಟ್ಟಾಗಿಬಿಟ್ಟೈತಿ, ಪುಸ್ತಕಾಗಿ ಉಳದಿಲ್ಲ." ಲ್ಯಾಪ್‌ಟಾಪ್ ಮುಚ್ಚಿ ತಲೆ ಎತ್ತಿದಳು. "ಆದ್ರ ಹನ್ನೆರಡು ಮಂದ್ಯಾಗ ಒಬ್ಬರರ ಫಾರ್ಮಿನ್ಯಾಗ ಬರೀಬೇಕಿತ್ತಲ್ಲ? ಯಾಕ ಯಾರೂ ಬರೀಲಿಲ್ಲ?"

ಸುಳ್ಳು ಹೇಳಬಹುದಿತ್ತು. ಕಮಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಲವತ್ತೇಳು ವರ್ಷ ಸಂಸಾರ ಮಾಡಿದ ಹೆಂಗಸಿನ ಮುಂದೆ ಸುಳ್ಳು ಹೇಳುವುದು ಕಷ್ಟ.

"ನಾನ ಬ್ಯಾಡ ಅಂದಿದ್ದೆ" ಎಂದೆ. "ನಿನ್ನ ಮಾನದ ಪ್ರಶ್ನೆ ಅಂತ ಎಲ್ಲಾರಿಗೂ ಹೇಳಿದ್ದೆ."

"ಹೊಗಳರಿ ಅಂತ ಕೇಳಿದ್ನೇನಪ್ಪಾ ನಾ? ಖರೇ ಹೇಳ್ರಿ ಅಂತ ಕೇಳಿದ್ದೆ!" ಎಂದು ಅವಳು ಗದರಿದಳು. ಚಿಕ್ಕವಳಿದ್ದಾಗ ನಮ್ಮ ಕಾರ್ಖಾನೆಯಲ್ಲಿ ಟೈಲಿನ ಬಣ್ಣ ಚೆಲ್ಲಿದ್ದಕ್ಕೆ ನಾನು ಗದರಿದ ದನಿಯೇ ಅದು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗುತ್ತವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದು ಮನೆಗೂ ಫೋನ್ ಮಾಡಿದೆ. ಮತ್ತೊಮ್ಮೆ ನಡೆಯಬೇಕು, ಈ ಸಲ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆಯಬೇಕು ಎಂದೆ.

"ಅಲ್ಲ ಸ್ವಾಮಿ, ಕೊಂಕು ತೆಗೀಬೇಡಿ ಅಂತ ನೀವೇ ಅಲ್ವಾ ಹೇಳಿದ್ದು?" ಎಂದರು ಶ್ರೀಕಂಠಯ್ಯ.

"ನಂದ ತಪ್ಪಾತ್ರಿ ಮೇಷ್ಟ್ರ. ಈಗ ಮನಸಾರೆ ತೆಗೀರಿ" ಎಂದೆ. ತಪ್ಪಾಯಿತು ಎಂಬ ಮಾತನ್ನು ಅವತ್ತು ಹನ್ನೊಂದು ಸಲ ಹೇಳಿದೆ. ಮೂರನೆಯ ಸಲದ ನಂತರ ನಾಲಿಗೆ ರೂಢಿ ಮಾಡಿಕೊಂಡಿತು.

ನಿವೇದಿತಾ ಹಾಳೆಯಿದ್ದ ಐದೂ ಟೈಲುಗಳನ್ನು ತೆಗೆದು ಬರಿಯ ಟೈಲು ಹಾಕಿಸಿದಳು. ನಾವು ನಡೆದೆವು. ಯಾರೂ ಎಡವಲಿಲ್ಲ, ಯಾರೂ ಬಾಗಲಿಲ್ಲ. ಆದರೆ ಫಾರ್ಮುಗಳನ್ನು ನೋಡಬೇಕಿತ್ತು! ಬಣ್ಣ ಹಳಸಿದ ಗಂಜಿಯ ಹಾಗಿದೆ ಎಂದು ಉಷಾರಾಣಿ ಬರೆದಿದ್ದರು. ರಾಜಗೋಪಾಲ ಒಂದು ಪುಟ ಬರೆದಿದ್ದ: ಹರಳೆಣ್ಣೆಯ ವಾಸನೆ ಇದೆ, ಚಿಕ್ಕಂದಿನಲ್ಲಿ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದುದು ನೆನಪಾಗಿ ಹೊಟ್ಟೆ ತೊಳೆಸಿತು. ಶ್ರೀಕಂಠಯ್ಯನವರು ಫಾರ್ಮಿನ ಪ್ರಶ್ನೆಗಳಲ್ಲೇ ಮೂರು ತಪ್ಪು ತಿದ್ದಿ, ಕೆಳಗೆ ಸಹಿ ಹಾಕಿದ್ದರು. ಟೈಲಿನ ಅಂಚು ಇನ್ನೊಂದು ಕೂದಲೆಳೆ ತೆಳ್ಳಗಾಗಬೇಕು, ಇಲ್ಲವಾದರೆ ಕಸಬರಿಗೆ ಸಿಕ್ಕಿಕೊಳ್ಳುತ್ತದೆ ಎಂದು ನಾನು ಬರೆದೆ. ಅದನ್ನು ಮಾತ್ರ ಅವಳು ಎರಡು ಸಲ ಓದಿದಳು. ಅಂಚು ತೆಳ್ಳಗಾಯಿತು.

ಅರ್ಜಿ ವಾಪಸ್ ತೆಗೆಯುವ ಮಾತು ಬಿಟ್ಟ ಮುಖ್ಯಸ್ಥರು ಎರಡನೆಯ ನಡಿಗೆಯ ಲೆಕ್ಕವನ್ನಷ್ಟೇ ಸಮಿತಿಗೆ ಕೊಡೋಣ ಎಂದರಂತೆ. ಎರಡನ್ನೂ ಕೊಡುತ್ತೇನೆ ಎಂದು ನಿವೇದಿತಾ ಹಟ ಹಿಡಿದಳು. ಏಪ್ರಿಲ್ ಮೊದಲ ವಾರ ಆಸ್ಟಿನ್‌ಗೆ ಹೊರಟಾಗ ನಾನೂ ಕಾರು ಹತ್ತಿದೆ. ದಾರಿಯುದ್ದಕ್ಕೂ ರಸ್ತೆಯ ಬದಿಗೆ ನೀಲಿ ಹೂ ಹಾಸಿತ್ತು. ಅವಳು ನೋಡಲಿಲ್ಲ, ಮೂರೂವರೆ ತಾಸು ಬಾಯಲ್ಲಿ ಭಾಷಣ ಗುನುಗುತ್ತಲೇ ಡ್ರೈವ್ ಮಾಡಿದಳು.

ಸಮಿತಿಯಲ್ಲಿ ಐದು ಜನ. ನಿವೇದಿತಾ ಮೊದಲ ನಡಿಗೆ ತೋರಿಸಿದಳು, ಎರಡನೆಯದನ್ನೂ ತೋರಿಸಿದಳು, ನಡುವೆ ಏನಾಯಿತು ಎಂಬುದನ್ನು ಹೇಳಿದಳು. ಬೆಳ್ಳಿಕೂದಲಿನ ಒಬ್ಬ ಹೆಂಗಸು ಕನ್ನಡಕ ತೆಗೆದು ಕೇಳಿದಳು: ಹನ್ನೆರಡು ಜನರೂ ಮೊದಲು ತೊಂದರೆ ಇಲ್ಲವೆಂದು ಬರೆದಿದ್ದಾರೆ, ಈಗ ಹೇಳುತ್ತಿರುವುದನ್ನು ನಾವು ಯಾಕೆ ನಂಬಬೇಕು?

ತಂದೆಯ ಹೆಸರು ಹೇಳಲು ನಿವೇದಿತಾಳ ನಾಲಿಗೆ ಏಳಲಿಲ್ಲ. ನಾನು ಎದ್ದು ನಿಂತೆ. ನನ್ನ ಇಂಗ್ಲಿಷು ಸಿಮೆಂಟಿನ ಚೀಲದ ಮೇಲೆ ಓದಿ ಕಲಿತದ್ದು, ಆದರೂ ನಿಂತೆ. ಹಾಗೆ ಬರೆಯಿರಿ ಎಂದು ಹೇಳಿಕೊಟ್ಟವನು ನಾನು, ಇವಳ ತಂದೆ, ತಪ್ಪು ನನ್ನದು, ನೆಲದ್ದಲ್ಲ ಎಂದೆ. ನಲವತ್ತು ವರ್ಷ ಟೈಲು ಮಾಡಿದವನು ಎಂದೂ ಸೇರಿಸಿದೆ. ಅಷ್ಟು ಹೇಳದೆ ಕೂರಲು ಮನಸ್ಸಾಗಲಿಲ್ಲ.

"ಹಾಗಾದರೆ ನೀವೇ ಹೇಳಿ" ಎಂದಳು ಆಕೆ. "ನಿಮ್ಮ ಟೈಲು ಒಳ್ಳೆಯದೋ, ನಿಮ್ಮ ಮಗಳದೋ?"

ಇಡೀ ಗದಗಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಲ್ಲಿ ನಗು ಬರಲಿಲ್ಲ. ನನ್ನ ನೆಲದಲ್ಲಿ ಮುಖ ಕಾಣುತ್ತಿತ್ತು ಎಂದೆ. ಅದರ ಮೇಲೆ ನನ್ನ ಹೆಂಡತಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು, ಐದು ವರ್ಷವಾಯಿತು, ಇವತ್ತಿಗೂ ಒಬ್ಬಳೇ ನಡೆಯುವುದಿಲ್ಲ ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ಮಗಳ ನೆಲ ನನ್ನ ನೆಲಕ್ಕಿಂತ ಒಳ್ಳೆಯದು ಎಂದು ಹೇಳಿ ಕೂತೆ. ನಿವೇದಿತಾ ಪರದೆಯ ಕಡೆ ಮುಖ ತಿರುಗಿಸಿಕೊಂಡು ನಿಂತಳು.

ಸಮಿತಿ ಒಪ್ಪಿತು.

ನವೆಂಬರಿನಲ್ಲಿ ಹ್ಯೂಸ್ಟನ್‌ನ ಆ ವಸತಿಯ ದೊಡ್ಡ ಹಾಲಿನಲ್ಲಿ ನೆಲ ಹಾಸಿ ಮುಗಿಯಿತು. ಬರಿಯ ಟೈಲು, ಒಂದು ಅಕ್ಷರವಿಲ್ಲ. ಹಾಳೆಯಿದ್ದ ಐದು ಟೈಲುಗಳನ್ನು ನಿವೇದಿತಾ ಬಾಗಿಲ ಪಕ್ಕದ ಗೋಡೆಯ ಮೇಲೆ, ಕಣ್ಣಿನ ಮಟ್ಟಕ್ಕೆ ಕೂರಿಸಿದ್ದಳು. ಮೊದಲ ದಿನ ನಮ್ಮನ್ನೂ ಕರೆದುಕೊಂಡು ಹೋದಳು. ನಾನು ಮೊಣಕಾಲೂರಿ ಕೂತು ನಾಲ್ಕು ಮೂಲೆಯ ಸಂದುಗಳನ್ನೂ ಉಗುರಿನಿಂದ ಕೆರೆದು ನೋಡಿದೆ. ಕೊಂಕು ತೆಗೆಯಲು ಎಲ್ಲೂ ಜಾಗ ಸಿಗಲಿಲ್ಲ.

ಎದ್ದು ಬಂದು ರೂಢಿಯಂತೆ ಕಮಲವ್ವನ ಮುಂದೆ ಕೈ ಚಾಚಿದೆ. ಅವಳು ಚಪ್ಪಲಿ ಬಿಟ್ಟು ನೆಲವನ್ನು ಪಾದದಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಬಿಡ್ರಿ. ಬಿದ್ರ ಬೀಳ್ತೀನಿ. ಮಗಳ ನೆಲ ಐತಿ."

ಒಂದು ಹೆಜ್ಜೆ ಇಟ್ಟಳು. ಎರಡು ಇಟ್ಟಳು. ಮೂರನೆಯದಕ್ಕೆ ಸ್ವಲ್ಪ ವಾಲಿದಾಗ ನಾನು ಓಡಲು ಹೋದೆ. ನಿವೇದಿತಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ನಾಲ್ಕನೆಯ ಹೆಜ್ಜೆ ನೇರವಾಗಿ ಬಿತ್ತು. ಆಮೇಲೆ ನಾನು ಎಣಿಸಲಿಲ್ಲ. ಐದು ವರ್ಷ ಅವಳ ಕೈ ಹಿಡಿದಿದ್ದ ನನ್ನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಕಮಲವ್ವ ಆ ತುದಿಯ ಕಿಟಕಿಯವರೆಗೆ ಹೋದಳು. ಕಿಟಕಿಯ ಕಟ್ಟೆಯನ್ನು ಮುಟ್ಟಿ, ತಿರುಗಿ ನಿಂತು, ಸೆರಗು ಸರಿ ಮಾಡಿಕೊಂಡು, ಇಡೀ ಹಾಲಿಗೆ ಕೇಳುವಂತೆ ನನ್ನನ್ನು ಕರೆದಳು.

"ಅಲ್ಲೇ ಯಾಕ ನಿಂತೀರಿ? ಬರ್ರಿ. ಈ ನೆಲಾ ಜಾರೂದಿಲ್ಲ."

ನನ್ನ ನೆಲದ ಬಗ್ಗೆ ಐದು ವರ್ಷ ಅನ್ನದೆ ಇಟ್ಟುಕೊಂಡ ಮಾತನ್ನು ಅವಳು ನಗುತ್ತಾ ಅಂದಳು. ನಾನು ಬೂಟು ಬಿಚ್ಚಿಟ್ಟು ಅವಳ ಕಡೆ ನಡೆದೆ.