ಮುಹೂರ್ತಕ್ಕೆ ಮೊದಲೇ ತೆರೆದ ಮಂಡಿ

ಅದು ೨೦೦೧. ಹಾಸನದ ಬಿ.ಎಡ್. ಕಾಲೇಜಿಗೆ ಸೇರಲು ಅವತ್ತೇ ಕಡೆಯ ದಿನ. ನನ್ನ ಮಾರ್ಕ್ಸ್ ಕಾರ್ಡುಗಳ ಕವರು ಅಮ್ಮನ ಕಂಕುಳಲ್ಲಿತ್ತು. ಟೀಚರ್ ಆಗುವುದೋ, ವೆಬ್‌ಸೈಟ್ ಮಾಡುವುದನ್ನೇ ಕಸುಬು ಮಾಡಿಕೊಳ್ಳುವುದೋ ಎಂದು ತಿಂಗಳಿಂದ ಒದ್ದಾಡುತ್ತಿದ್ದೆ. “ನಮ್ ಮಂಡೀದೇ ಒಂದ್ ಮಾಡಿ ತೋರ್ಸು ದಿವ್ಯಾ, ಆಮೇಲ್ ನೋಡಾನ,” ಎಂದಿದ್ದರು ಅಪ್ಪ. ಚನ್ನರಾಯಪಟ್ಟಣದಲ್ಲಿ ಅವರದು ಕೊಬ್ಬರಿ ಮಂಡಿ.

ನಾನು ಮಾಡಿದ ವೆಬ್‌ಸೈಟ್ ತೆರೆಯಲು ಅವತ್ತೇ, ಗುರುವಾರ ಹತ್ತೂ ನಲವತ್ತಕ್ಕೆ ಮುಹೂರ್ತ ಇಡಿಸಿ, ಪುಟ್ಟರಾಜುವಿನ ಸೈಬರ್ ಸೆಂಟರಿಗೆ ಕಾಯಿ, ಕರ್ಪೂರ ಹಿಡಿದೇ ಬಂದರು.

“ಸಾವ್ಕಾರ್ರೇ, ಕಾಯಿ ಆಚೆ ಒಡೀರಿ! ಕೀಬೋರ್ಡ್‌ಗೆ ಅಭಿಸೇಕ ಆಗೋಯ್ತದೆ!” ಪುಟ್ಟರಾಜು ಅಡ್ಡ ನಿಂತ.

ಮೋಡೆಮ್ ಕಿರುಗುಟ್ಟಿತು. ನಾನೂ “ಕೀಂ... ಕೊರ್ರ್... ಟೊಂಯ್” ಎಂದು ಶ್ರುತಿ ಸೇರಿಸಿದೆ. ಅಮ್ಮ ತಲೆಗೆ ಮೊಟಕಿದಳು.

ಪುಟ ತೆರೆಯಿತು. ಇದುವರೆಗೆ ಬಂದವರು ಒಂಬತ್ತು ಎಂದು ಕೆಳಗೆ ತೋರಿಸುತ್ತಿತ್ತು.

“ಬಾಗ್ಲು ತೆಗ್ಯಕ್ ಮುಂಚೆ ಒಳಕ್ ಬಂದೋರ್ ಯಾರವ್ವ?”

“ಸರಿಯಾಗ್ ಬರುತ್ತಾ ನೋಡಕ್ಕೆ ನಿನ್ನೆ ಸಂಜೇನೇ ಹಾಕಿದ್ದೆ ಅಪ್ಪಾಜಿ. ಆರು ಸಲ ನಾನೇ ನೋಡ್ದೆ.”

ಪೂಜೆಯಾಗುವ ತನಕ ಯಾರೂ ಬರುವುದಿಲ್ಲವೆಂದು ನಾನೂ ನಂಬಿಬಿಟ್ಟಿದ್ದೆ! ಮಿಕ್ಕವರಲ್ಲಿ ಒಬ್ಬ ರಾಜ್‌ಕೋಟ್‌ನ ವ್ಯಾಪಾರಿ. ಪುಟದಲ್ಲಿದ್ದ ವಿಳಾಸಕ್ಕೆ ಅವನು ಕಳಿಸಿದ್ದ ಇಂಗ್ಲಿಷ್ ಇಮೇಲ್ ಓದಿ ಹೇಳಿದೆ: “ಹೊಸ ಕೊಬ್ಬರಿ ಬಂದಿದೆ ಅಂತ ನಿಮ್ಮ ಪುಟದಲ್ಲಿ ನೋಡ್ದೆ, ಲಾರಿ ಕಳಿಸ್ಲಾ ಅಂತ ಕೇಳ್ತಾನೆ.”

ಅಪ್ಪನ ಮುಖ ಕಪ್ಪಿಟ್ಟಿತು. ನಾನು ಹಿಂದಿನ ವಾರ ಬರೆದಿದ್ದ ಆ ಕೊಬ್ಬರಿ ಮಂಗಳವಾರವೇ ಖಾಲಿಯಾಗಿತ್ತು.

“ಇಲ್ದಿರೋ ಮಾಲು ಅದೆ ಅಂತ ನನ್ನೆಸ್ರಲ್ ಸುಳ್ ಏಳ್ಬುಟ್ಯಲ್ಲವ್ವಾ!”

ಆ ಸಾಲು ಅಳಿಸಿ, ಮಾಲು ಖಾಲಿ, ಮುಂದಿನ ವಾರ ಬರುತ್ತದೆ ಎಂದು ಬರೆದೆ. ಪುಟವನ್ನು ಮತ್ತೆ ತೆರೆದು ತೋರಿಸಿದೆ.

“ರಾಜ್‌ಕೋಟ್‌ನಲ್ಲಿರೋನ್ಗೂ ಈಗ ಇಂಗೇ ಕಾಣ್ತದಾ?”

“ಹೂಂ.”

“ಎಲ್ಲಾ ಕಡೆಗೂವೆ?”

“ಎಲ್ಲಾ ಕಡೆಗೂ.”

ಅಪ್ಪ ಚಪ್ಪಲಿ ಬಿಟ್ಟು ಪರದೆಯ ಹತ್ತಿರಕ್ಕೆ ಬಂದರು. “ನಾನ್ ಬೀಗ ಹಾಕ್ಕಂಡ್ ಮನೇಲಿದ್ದೆ. ಮಂಡಿ ತೆಗ್ದೇ ಇತ್ತು,” ಎಂದು ಪಿಸುಗುಟ್ಟಿದರು.

ನಾನಿಲ್ಲಿ ಅಳಿಸಿದ ಸಾಲು, ನಾನು ನೋಡದ ಊರುಗಳಲ್ಲೂ ಅಳಿಸಿಹೋಗಿತ್ತು! ಮೈ ಜುಮ್ಮೆಂದಿತು.

“ದಿನಾ ನೋಡ್ಕಬೇಕಲ್ಲವ್ವ ಇದ್ನ. ಯಾರ್ ನೋಡ್ಕತಾರೆ?”

“ನಾನೇ ನೋಡ್ಕತೀನಿ ಅಪ್ಪಾಜಿ.”

“ಹಾಸನದ ಬಸ್ಸಿಗ್ ಹೊತ್ತಾಯ್ತು ಕಣೇ,” ಅಮ್ಮ ಎದ್ದಳು.

“ನೀನ್ ಮನೆಗ್ ನಡಿ ರೇವಾ, ಅವ್ಳು ಬರಕಿಲ್ಲ,” ಎಂದು ಅಮ್ಮನಿಗೆ ಹೇಳಿದ ಅಪ್ಪ ನನ್ನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡರು. “ಆ ರಾಜ್‌ಕೋಟ್‌ನೋನ್ಗೆ ಬರಿಯವ್ವ. ಮೊದ್ಲು, ತಪ್ಪಾಯ್ತು ಅನ್ನು.”